ಚಿಪ್ಪಣಬೆಯನ್ನು ಗಿಡದಂತೆ ಸಾಕಬೇಡಿ

ಮನೆಯಲ್ಲಿ ಚಿಪ್ಪಣಬೆ (ಆಯ್ಸ್ಟರ್ ಮಶ್ರೂಮ್) ಬೆಳೆಯಲು ಹೊರಟ ಬಹುತೇಕರು ಎಡವುವುದು ಒಂದೇ ಕಡೆ: ಅದನ್ನು ಗಿಡ ಎಂದುಕೊಳ್ಳುತ್ತಾರೆ. ಅಣಬೆ ಬೆಳೆಯಲು ಭತ್ತದ ಹುಲ್ಲು ತುಂಬಿದ ಚೀಲವನ್ನು ಬಿಸಿಲಿಗಿಟ್ಟು ಎರಡು ಹೊತ್ತು ನೀರು ಹೊಯ್ಯುತ್ತಾರೆ, ಸಾಲದ್ದಕ್ಕೆ ಗೊಬ್ಬರವನ್ನೂ ಹಾಕುತ್ತಾರೆ. ವಾರದೊಳಗೆ ಹುಲ್ಲು ಹಸಿರು ಬೂಷ್ಟು ಹಿಡಿದು ನಾರತೊಡಗುತ್ತದೆ.

ಅಣಬೆ ಒಂದು ಶಿಲೀಂಧ್ರ. ಸಂಸ್ಕೃತದ ಈ ಪದ ಮೊದಲಿಗೆ ಅಣಬೆಗೇ ಇದ್ದ ಹೆಸರು. ಕಾಳಿದಾಸನ ಮೇಘದೂತದಲ್ಲಿ ಗುಡುಗಿಗೆ ನೆಲದಿಂದ ಏಳುವುದು ಇದೇ ಶಿಲೀಂಧ್ರ. ಈಗ ಬ್ರೆಡ್ಡಿನ ಮೇಲಿನ ಬೂಷ್ಟು, ಹಿಟ್ಟು ಉಬ್ಬಿಸುವ ಯೀಸ್ಟ್, ಗಜಕರ್ಣ ತರುವ ಜೀವಿ, ಎಲ್ಲವೂ ಆ ಪದದೊಳಗೆ ಬರುತ್ತವೆ. 1969ರಲ್ಲಿ ವಿಜ್ಞಾನಿ ರಾಬರ್ಟ್ ವಿಟ್ಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಇವುಗಳನ್ನು ಸಸ್ಯಗಳಿಂದ ಬೇರೆಯಿಟ್ಟ. ಇವಕ್ಕೆ ಎಲೆಹಸಿರಿಲ್ಲ. ಕೋಶದ ಗೋಡೆಯಲ್ಲಿರುವುದು ಕೈಟಿನ್, ಏಡಿಯ ಚಿಪ್ಪಿನಲ್ಲಿರುವ ವಸ್ತು. ಕಿಣ್ವ ಸುರಿಸಿ ಆಹಾರವನ್ನು ಮೈಹೊರಗೇ ಕರಗಿಸಿ ಹೀರುತ್ತವೆ. ಹುಲ್ಲಿನೊಳಗೆ ಹಬ್ಬುವ ಬಿಳಿ ನೂಲಿನ ಜಾಲವೇ ನಿಜವಾದ ಜೀವಿ. ನಾವು ತಿನ್ನುವ ಕೊಡೆ ಬೀಜಕಣ ಉದುರಿಸಲು ಅದು ಮೇಲೆತ್ತುವ ಭಾಗ ಮಾತ್ರ.

ಅಂಗಡಿಯವರು 'ಅಣಬೆ ಬೀಜ' ಎಂದು ಕೊಡುವುದೂ ಬೀಜವಲ್ಲ, ಬೇಯಿಸಿದ ಜೋಳದ ಕಾಳಿನ ಮೇಲೆ ಬೆಳೆಸಿದ ಇದೇ ಜಾಲ. ಇದಕ್ಕೆ ಸ್ಪಾನ್ ಎನ್ನುತ್ತಾರೆ. ಕಾಳುಗಳಿಗೆ ಹತ್ತಿಯಂತೆ ಬಿಳಿ ಮೆತ್ತಿಕೊಂಡಿರಬೇಕು. ಹಸಿರು ಅಥವಾ ಕಪ್ಪು ಚುಕ್ಕೆ, ಹುಳಿ ವಾಸನೆ, ಚೀಲದ ತಳದಲ್ಲಿ ನೀರು: ಇವುಗಳಲ್ಲಿ ಒಂದಿದ್ದರೂ ಬೇಡ. ತಯಾರಾದ ದಿನಾಂಕ ಬರೆಯದ ಪ್ಯಾಕೆಟ್ಟನ್ನಂತೂ ಮುಟ್ಟಬೇಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಂಥ ಕಡೆ ಕೇಳಿ ತರುವುದು ಮೇಲು.

ಹುಲ್ಲು: ಗೆಲುವು, ಸೋಲು ಎರಡೂ ಇಲ್ಲೇ

ಮಳೆಯಲ್ಲಿ ನೆನೆಯದ, ಹಳದಿ ಬಣ್ಣದ ಭತ್ತದ ಹುಲ್ಲು 1 ಕಿಲೋ ಇರಲಿ. ಬಣವೆಯ ತಳದ ಕಪ್ಪು ಹುಲ್ಲು ಬೇಡ, ಅದರಲ್ಲಿ ಬೇರೆ ಬೂಷ್ಟುಗಳು ಆಗಲೇ ಮನೆ ಮಾಡಿರುತ್ತವೆ. ಎರಡು ಅಂಗುಲದ ತುಂಡು ಮಾಡಿ, ಗೋಣಿಚೀಲಕ್ಕೆ ತುಂಬಿ, ಮೇಲೆ ಕಲ್ಲು ಹೇರಿ ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಬಸಿದು, ಹಂಡೆಯ ಬಿಸಿನೀರಿಗೆ ಇಳಿಸಿ.

ನೀರು 80 ಡಿಗ್ರಿಯಲ್ಲಿ ಒಂದು ಗಂಟೆ ನಿಲ್ಲಬೇಕು. ತಣ್ಣನೆಯ ಹುಲ್ಲು ಬಿದ್ದ ಕೂಡಲೇ ನೀರಿನ ಬಿಸಿ ಇಳಿದುಹೋಗುತ್ತದೆ. ಅದು ಮತ್ತೆ 80ಕ್ಕೆ ಏರಿದ ಮೇಲೆ ಗಡಿಯಾರ ನೋಡಿ. ಹುಲ್ಲು ಹಾಕಿದ ಗಳಿಗೆಯಿಂದಲೇ ಎಣಿಸಿದವರ ಚೀಲದಲ್ಲಿ ಹಸಿರು ಬೂಷ್ಟು ಖಚಿತ. ಹಾಗೆಂದು ಕೊತಕೊತ ಕುದಿಸಲೂಬಾರದು: ಹುಲ್ಲು ಮೆತ್ತಗಾಗುತ್ತದೆ, ಬಿಸಿ ತಾಳಿಕೊಂಡು ಉಳಿದು ಬೂಷ್ಟನ್ನು ತಡೆಯುವ ಬ್ಯಾಕ್ಟೀರಿಯಗಳೂ ನಾಶವಾಗುತ್ತವೆ. ಥರ್ಮಾಮೀಟರಿಗೆ ಖರ್ಚು ಮಾಡಿ, ಅಂದಾಜಿನ ಕೆಲಸವಲ್ಲ. ಫಾರ್ಮಾಲಿನ್, ಕಾರ್ಬೆಂಡಜಿಮ್ ಎಂಬ ಬೂಷ್ಟುನಾಶಕ ರಾಸಾಯನಿಕಗಳನ್ನು ಬೆರೆಸಿದ ನೀರಿನಲ್ಲಿ ನೆನೆಸುವ ಅಡ್ಡದಾರಿಯೂ ಇದೆ. ಮನೆಯ ಅಡುಗೆಗೆಂದು ಬೆಳೆಯುವವರಿಗೆ ಅದು ಬೇಡವೇ ಬೇಡ.

ಬಸಿದ ಹುಲ್ಲನ್ನು ನೆರಳಿನಲ್ಲಿ ಶುಭ್ರ ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿ. ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ ನೋಡಿ. ನೀರು ತೊಟ್ಟಿಕ್ಕಿದರೆ ಇನ್ನೂ ಆರಬೇಕು. ಅಂಗೈ ಬರೀ ತೇವವಾದರೆ ಹದ ಬಂತು. ನೀರು ಹೆಚ್ಚಿದ್ದರೆ ನೂಲುಗಳಿಗೆ ಗಾಳಿ ಸಿಗದೆ ಹುಲ್ಲು ಕೊಳೆಯುತ್ತದೆ. ಹುಲ್ಲು ಪೂರ್ತಿ ತಣ್ಣಗಾಗದೆ ಸ್ಪಾನ್ ಬೆರೆಸಬೇಡಿ, ಬಿಸಿಗೆ ಅದು ಸಾಯುತ್ತದೆ.

ತುಂಬಿ, ಸುಮ್ಮನಿರಿ

ನೆನೆದ ಹುಲ್ಲು ಸುಮಾರು 3 ಕಿಲೋ ತೂಗುತ್ತದೆ, ಅದಕ್ಕೆ 100 ಗ್ರಾಂ ಸ್ಪಾನ್ ಸಾಕು. ಕೈ ತೊಳೆದು, 12x24 ಅಂಗುಲದ ಪಾಲಿಥಿನ್ ಚೀಲಕ್ಕೆ ಹುಲ್ಲು ಒಂದು ಪದರ, ಅಂಚಿಗೆ ಸ್ಪಾನ್, ಹೀಗೆ ನಾಲ್ಕೈದು ಪದರ ಒತ್ತಿ ತುಂಬಿ ಬಾಯಿ ಕಟ್ಟಿ. ದಬ್ಬಳದಿಂದ ಇಪ್ಪತ್ತು ತೂತು. ಕತ್ತಲೆ ಕೋಣೆಯಲ್ಲಿ 15ರಿಂದ 20 ದಿನ ಇಡಿ. ನೀರು ಹಾಕುವಂತಿಲ್ಲ, ಬಿಚ್ಚಿ ನೋಡುವಂತಿಲ್ಲ.

ಚೀಲ ಪೂರ್ತಿ ಬೆಳ್ಳಗಾದ ಮೇಲೆ ಪ್ಲಾಸ್ಟಿಕ್ ಸೀಳಿ ತೆಗೆದು, ಗಾಳಿಯಾಡುವ, ಮಂದ ಬೆಳಕಿನ ಜಾಗದಲ್ಲಿ ತೂಗುಹಾಕಿ. ದಿನಕ್ಕೆರಡು ಮೂರು ಬಾರಿ ನೀರು ಸಿಂಪಡಿಸಿ, ಸುತ್ತ ಒದ್ದೆ ಗೋಣಿ ಕಟ್ಟಿ. ಗುಂಡುಸೂಜಿ ತಲೆಯಂಥ ಮೊಗ್ಗು ಮೂಡಿದಾಗ ನೇರ ನೀರು ಬಿದ್ದರೆ ಹಳದಿಯಾಗಿ ಬಾಡುತ್ತವೆ. ಆಗ ಗೋಣಿಯನ್ನಷ್ಟೇ ತೋಯಿಸಿ. ಕಾಲು ಉದ್ದವಾಗಿ ಟೋಪಿ ಚಿಕ್ಕದಾದರೆ ಗಾಳಿ ಸಾಲದು, ಕಿಟಕಿ ತೆರೆಯಿರಿ. ಅಂಚು ಒಣಗಿ ಬಿರಿದರೆ ತೇವ ಸಾಲದು.

ಟೋಪಿಯ ಅಂಚು ಮೇಲಕ್ಕೆ ಮಡಚುವ ಮುನ್ನ, ಬುಡ ಹಿಡಿದು ತಿರುಚಿ ಕೊಯ್ಯಿರಿ. ತಡವಾದರೆ ಬೀಜಕಣ ಬಿಳಿ ಪುಡಿಯಂತೆ ಉದುರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಉಸಿರಾಡಿದರೆ ಕೆಮ್ಮು, ಅಲರ್ಜಿ ಬರಬಹುದು, ಮಾಸ್ಕ್ ಇರಲಿ. ವಾರ ಹತ್ತು ದಿನಕ್ಕೆ ಎರಡನೆಯ ಬೆಳೆ, ಆಮೇಲೆ ಮೂರನೆಯದು. ಅಲ್ಲಿಗೆ ಆ ಹುಲ್ಲಿನ ಸತ್ವ ಮುಗಿಯಿತು. ಗೊಬ್ಬರದ ಗುಂಡಿಗೆ ಹಾಕಿ, ಹೊಸ ಚೀಲಗಳ ಪಕ್ಕದಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ.