ದಸರಾ ರಜೆ, ಸೆಕೆಂಡ್ ಶಿಫ್ಟು, ನನ್ನ ಎಂ.ಎಸ್ಸಿ.

ಮಗು ಕಟ್ಟಿಕೊಂಡು ಎಂ.ಎಸ್ಸಿ.ಗೆ ಸೇರೋರು ಮೊದಲು ಫೀಸಿನ ಲೆಕ್ಕ ಹಾಕ್ತಾರೆ. ನನ್ನ ಕೇಳಿದರೆ ಮೊದಲು ನೋಡಬೇಕಾದ್ದು ಅಕ್ಟೋಬರ್ ತಿಂಗಳ ಕ್ಯಾಲೆಂಡರು. 2023ರಲ್ಲಿ ಶಾಲೆಗಳಿಗೆ ಅಕ್ಟೋಬರ್ 8ರಿಂದ 24ರವರೆಗೆ ದಸರಾ ರಜೆ ಕೊಟ್ಟಿದ್ದರು. ನನಗೆ ಹಬ್ಬದ ದಿನಗಳು ಬಿಟ್ಟರೆ ಕ್ಲಾಸು, ಲ್ಯಾಬು, ಅದರ ಮೇಲೆ ಇಂಟರ್ನಲ್ ಟೆಸ್ಟು. ಊರಲ್ಲಿ ಅದೇ ಹೊತ್ತಿಗೆ ಕಡ್ಲೆಕಾಯಿ ಕೀಳೋ ಕಾಲ, ಅತ್ತೆ ಬಂದು ಮಗು ನೋಡಿಕೊಳ್ಳೋ ಮಾತೇ ಇಲ್ಲ. ವರ್ಷದ ಉಳಿದ ತಿಂಗಳೆಲ್ಲ ಹೇಗೋ ಸಾಗುತ್ತೆ. ಈ ಆಶ್ವಯುಜ-ಕಾರ್ತಿಕ ದಾಟಿಸೋದೇ ನಿಜವಾದ ಪರೀಕ್ಷೆ.

ನಾವಿದ್ದದ್ದು ಕ್ಯಾತ್ಸಂದ್ರದಲ್ಲಿ, ಬಾಡಿಗೆ ಮನೆ. ತುಮಕೂರು ವಿಶ್ವವಿದ್ಯಾನಿಲಯದಲ್ಲಿ ನನ್ನದು ರಸಾಯನಶಾಸ್ತ್ರ. ಬಿ.ಎಚ್. ರಸ್ತೆ ಹಿಡಿದರೆ ಒಂದೇ ಸಿಟಿ ಬಸ್ಸು, ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಟಿಕೆಟ್ಟಿನ ದುಡ್ಡೂ ಉಳೀತು. ಈ ವಿ.ವಿ. ಶುರುವಾದದ್ದೇ 2004ರಲ್ಲಿ. ಅಲ್ಲಿವರೆಗೆ ನಮ್ಮ ಜಿಲ್ಲೆ ಕಾಲೇಜುಗಳೆಲ್ಲ ಬೆಂಗಳೂರು ವಿ.ವಿ.ಗೆ ಸೇರಿದ್ದವು. ದಿನಾ ಬೆಂಗಳೂರಿಗೆ ರೈಲು ಹತ್ತಬೇಕು ಅಂದಿದ್ದರೆ ಎಲ್‌ಕೆಜಿ ಮಗಳನ್ನ ಬಿಟ್ಟು ನಾನು ಓದ್ತಾನೇ ಇರಲಿಲ್ಲ.

ಇವರಿಗೆ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಮೂರು ಶಿಫ್ಟು, ವಾರಕ್ಕೊಂದು ಬದಲಾಗುತ್ತೆ. ಮೊದಮೊದಲು ದಿನಕ್ಕೊಂದು ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸ್ತಿದ್ವಿ. ಸೋಮವಾರ ಬರೆದದ್ದು ಮುಂದಿನ ಸೋಮವಾರಕ್ಕೆ ಕೆಲಸಕ್ಕೆ ಬರ್ತಿರಲಿಲ್ಲ. ಆಮೇಲೆ ಮೂರು ಹಾಳೆ ಮಾಡಿದ್ವಿ, ಶಿಫ್ಟಿಗೊಂದು. ಆ ವಾರದ ಹಾಳೆ ಮುಂದೆ, ಉಳಿದೆರಡು ಹಿಂದೆ. ಇವತ್ತು ಅನ್ನ ಯಾರು ಇಡಬೇಕು ಅನ್ನೋ ಜಗಳ ಅಲ್ಲಿಗೆ ನಿಂತಿತು.

ಎಲ್ಲರೂ ನೈಟ್ ಶಿಫ್ಟೇ ಕಷ್ಟ ಅಂದ್ಕೋತಾರೆ. ನಮಗೆ ಹಾಗಾಗಲಿಲ್ಲ. ರಾತ್ರಿ ಶಿಫ್ಟಿನ ವಾರ ಇವರು ಬೆಳಗ್ಗೆ ಬಂದು ಮಲಗಿದರೆ ಮಧ್ಯಾಹ್ನಕ್ಕೆ ಎದ್ದು ಮಗಳನ್ನ ಶಾಲೆಯಿಂದ ಕರ್ಕೊಂಡು ಬರೋರು, ರಾತ್ರಿ ಕಂಪನಿ ಬಸ್ಸು ಬರೋವರೆಗೆ ಅವಳು ಇವರ ಪಾಲು. ನಾನು ಲ್ಯಾಬ್ ಮುಗಿಸಿ ಲೈಬ್ರರಿಯಲ್ಲಿ ಕೂತು ಬಂದರೂ ನಡೀತಿತ್ತು. ಅಕ್ಟೋಬರ್‌ನಲ್ಲಿ ವಿಶ್ವಕಪ್ ಕ್ರಿಕೆಟ್ ಬೇರೆ. ಮಧ್ಯಾಹ್ನ ಎರಡಕ್ಕೆ ಮ್ಯಾಚ್ ಶುರು ಅಂದರೆ ಇವರನ್ನ ಎಬ್ಬಿಸೋಕೆ ಅಲಾರಂ ಬೇಕಾಗ್ತಿರಲಿಲ್ಲ! ಕರೆಂಟ್ ಮಾತ್ರ ಆ ತಿಂಗಳು ಯಾವಾಗ ಹೋಗುತ್ತೋ ಯಾವಾಗ ಬರುತ್ತೋ ಹೇಳೋ ಹಾಗಿರಲಿಲ್ಲ.

ಮುರಿಯೋದು ಸೆಕೆಂಡ್ ಶಿಫ್ಟಿನ ವಾರ. ಎರಡು ಗಂಟೆ ಶಿಫ್ಟಿಗೆ ಇವರು ಒಂದಕ್ಕೇ ಹೊರಡಬೇಕು, ಮಗಳು ಶಾಲೆ ಬಿಡೋದು ಮೂರೂವರೆಗೆ, ನಾನು ಲ್ಯಾಬಿಂದ ಬರೋದು ಐದು ದಾಟಿದ ಮೇಲೆ. ಆ ಎರಡು ಗಂಟೆಗೆ ಜನ ಬೇಕು. ದುಡ್ಡು ಕೊಟ್ಟು ಡೇ ಕೇರ್‌ಗೆ ಬಿಡೋಣ ಅಂದರೆ ಮೂರು ವಾರಕ್ಕೊಮ್ಮೆ ಮಾತ್ರ ಬರೋ ಮಗುವನ್ನ ಯಾರೂ ಒಪ್ಪಲ್ಲ, ತಿಂಗಳಿಡೀ ದುಡ್ಡು ಕಟ್ಟಿ ಅಂತಾರೆ. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯೋ ಅಕ್ಕ ಇದ್ದರು, ಅವರ ಮಗಳು ಎಸ್ಸೆಸ್ಸೆಲ್ಸಿ. ನಾನೇ ಹೋಗಿ ಕೇಳಿದೆ: ನೀವು ಇವಳನ್ನ ನೋಡ್ಕೊಳ್ಳಿ, ನಾನು ಅವಳಿಗೆ ವಿಜ್ಞಾನ ಹೇಳಿಕೊಡ್ತೀನಿ. ಪುಕ್ಕಟೆ ಉಪಕಾರ ಅಂದಿದ್ದರೆ ನಾಲ್ಕನೇ ದಿನಕ್ಕೆ ಕೇಳೋಕೆ ನನಗೇ ಸಂಕೋಚ ಆಗ್ತಿತ್ತು. ಕೊಟ್ಟು ತಗೊಳ್ಳೋದು ಆದ್ದರಿಂದ ಇಬ್ಬರಿಗೂ ಬಾಯಿ ಬಿಟ್ಟು ಮಾತಾಡೋ ಧೈರ್ಯ ಇತ್ತು. ಒಂದು ದಿನ ಅವರಿಗೆ ಹಬ್ಬದ ಬ್ಲೌಸ್ ಹೊಲಿಯೋ ಅವಸರ ಇದ್ದಾಗ "ನಾಳೆ ಆಗಲ್ಲಮ್ಮ" ಅಂತ ನೇರ ಹೇಳಿದರು, ನಾನು ಲ್ಯಾಬ್ ಬ್ಯಾಚ್ ಬದಲಾಯಿಸಿಕೊಂಡೆ.

ದಸರಾ ರಜೆಗೆ ಬೇರೆ ದಾರಿ ಕಾಣದೆ ಮಗಳನ್ನ ಊರಿಗೇ ಕಳಿಸಿದ್ವಿ, ಮಧುಗಿರಿ ಹತ್ತಿರ. ಆ ವರ್ಷ ನಮ್ಮ ಜಿಲ್ಲೆಗೆ ಬರ. ಚಿತ್ತೆ ಮಳೆ ಕುರುಡು ಅಂತಾರೆ, ನಮ್ಮ ಹೊಲದ ಕಡೆ ಅದು ತಿರುಗಿಯೂ ನೋಡಲಿಲ್ಲ. ಕಾಯಿ ಕಟ್ಟಿದ್ದು ಅಷ್ಟಕ್ಕಷ್ಟೇ. ಕಾಯಿ ಇಲ್ಲದಿದ್ದರೂ ಬಳ್ಳಿ ಕೀಳಲೇಬೇಕು, ದನಕ್ಕೆ ಮೇವು ಬೇಕಲ್ಲ. ಮಾವ ಅಗೆದು ಹಾಕಿದ ಬಳ್ಳಿಯನ್ನ ಅತ್ತೆ ಮನೆ ಮುಂದೆ ಗುಡ್ಡೆ ಹಾಕಿಕೊಂಡು ಕಾಯಿ ಬಿಡಿಸ್ತಾ ಕೂರೋರು, ಇವಳು ಪಕ್ಕದಲ್ಲಿ. ಫೋನ್ ಮಾಡಿದರೆ "ಅಜ್ಜಿ ಜೊಳ್ಳು ಆ ಕಡೆ ಹಾಕು ಅಂದ್ರು" ಅಂತ ವರದಿ. ಭಾನುವಾರ ನಾನು ಕೊರಟಗೆರೆ ಮೇಲೆ ಹೋಗೋ ಸರ್ಕಾರಿ ಬಸ್ಸಿಗೇ ಕಾದು ಹೋಗ್ತಿದ್ದೆ. ಮಧುಗಿರಿ ಬೆಟ್ಟ ಕಾಣಿಸೋವರೆಗೆ ಬಸ್ಸಲ್ಲಿ ನೋಟ್ಸು, ಆಮೇಲೆ ಮುಚ್ಚಿ ಇಡೋದು. ಓದೋ ತಾಯಿ ಮಗುವನ್ನ ಹಟ್ಟಿಗೆ ತಳ್ಳಿದಳು ಅಂತ ಸಂಬಂಧಿಕರಲ್ಲಿ ಒಬ್ಬಿಬ್ಬರು ಆಡಿಕೊಂಡರು. ಇವರ ಶಿಫ್ಟಿನ ಬಗ್ಗೆ ಯಾರೂ ಏನೂ ಅನ್ನಲಿಲ್ಲ, ಅದು ದುಡಿಮೆಯಂತೆ.

ಹಬ್ಬಕ್ಕೆ ನಾನೂ ಊರಿಗೆ ಹೋದೆ. ಅಲ್ಲೊಂದು ತಮಾಷೆ. ಮೂಲಾ ನಕ್ಷತ್ರದ ದಿನ ಸರಸ್ವತಿ ಪೂಜೆ ಅಂತ ಅತ್ತೆ ನನ್ನ ಸ್ಪೆಕ್ಟ್ರೋಸ್ಕೋಪಿ ನೋಟ್ಸು, ರೆಕಾರ್ಡು, ಮಗಳ ಸ್ಲೇಟು ಎಲ್ಲ ಒಟ್ಟಿಗೆ ದೇವರ ಮುಂದೆ ಜೋಡಿಸಿದರು. ವಿಜಯದಶಮಿವರೆಗೆ ಮುಟ್ಟೋ ಹಾಗಿಲ್ಲ. ಹಬ್ಬ ಕಳೆದ ವಾರದಲ್ಲೇ ನನಗೆ ಟೆಸ್ಟು. ಹಿಂದಿನ ರಾತ್ರಿಯೇ ಪುಟಪುಟವನ್ನೂ ಮೊಬೈಲಿನಲ್ಲಿ ಫೋಟೋ ಹೊಡೆದು ಇಟ್ಟುಕೊಂಡಿದ್ದೆ. ಹಿತ್ತಿಲ ಕಟ್ಟೆ ಮೇಲೆ ಕೂತು ಓದೋದು ಅತ್ತೆ ಕಂಡರು. "ಫೋನಿಗೆ ಪೂಜೆ ಆಗಿಲ್ಲವಲ್ಲ, ಓದ್ಕೋ" ಅಂದು ಒಳಗೆ ಹೋದರು.

ಪುಸ್ತಕ ಮುಟ್ಟದೆ ಮಾಡೋ ರಸಾಯನಶಾಸ್ತ್ರವೂ ಇದೆ. ಆರತಿ ತಟ್ಟೆಗೆ ಓಕುಳಿ ಕದಡುವಾಗ ಮಗಳು ಪಕ್ಕ ಬಂದು ನಿಂತಳು. ನೀರಿಗೆ ಅರಿಶಿನ ಹಾಕಿದೆ, ಹಳದಿ. ಬೆರಳ ತುದಿಯಲ್ಲಿ ಎಲೆಅಡಿಕೆ ಸುಣ್ಣ ತೆಗೆದು ಕದಡಿದೆ, ಕೆಂಪು. ಅವಳು ಕೈ ಬಾಯಿಗೆ ಇಟ್ಟುಕೊಂಡಳು. ಬೇರೆ ಬಟ್ಟಲಿಗೆ ಸ್ವಲ್ಪ ಬಗ್ಗಿಸಿ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಅರಿಶಿನದ ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪಾಗುತ್ತೆ, ಹುಳಿ ಬಿದ್ದರೆ ಹಿಂದಕ್ಕೆ ತಿರುಗುತ್ತೆ. ಲ್ಯಾಬಲ್ಲಿ ಫಿನಾಫ್ತಲೀನ್ ಅನ್ನೋ ಸೂಚಕ ಹಾಕಿ, ಆಮ್ಲ-ಕ್ಷಾರ ಎಷ್ಟಿದೆ ಅಂತ ಅಳೆಯೋಕೆ ನಾವು ಮಾಡೋ ಟೈಟ್ರೇಶನ್ನಿನ ಸೂತ್ರವೂ ಇದೇ, ಬಣ್ಣ ಬೇರೆ. ಸುಣ್ಣ, ನಿಂಬೆ, ಸುಣ್ಣ, ನಿಂಬೆ ಅಂತ ಅವಳು ಸಾಲಾಗಿ ಮಾಡಿಸಿದಳು. ಆರತಿಗೆ ಇಟ್ಟಿದ್ದ ನಿಂಬೆಹಣ್ಣು ಖಾಲಿ.

ಅಡುಗೆ ವಿಷಯ ಹೆಚ್ಚಿಗೆ ಹೇಳೋದಿಲ್ಲ. ಸಾರಿನ ಪುಡಿ, ಹುಚ್ಚೆಳ್ಳು ಚಟ್ನಿಪುಡಿ ಒಟ್ಟಿಗೆ ಮಾಡಿ ಡಬ್ಬಿಗೆ ತುಂಬಿಟ್ಟರೆ ಮುದ್ದೆಯೋ ಅನ್ನವೋ ಯಾರು ಬೇಕಾದರೂ ಮಾಡ್ತಾರೆ. ಇವರಿಗೆ ಬರೋದು ಉಪ್ಪಿಟ್ಟು, ಚಿತ್ರಾನ್ನ ಎರಡೇ. ಎರಡರಲ್ಲೇ ಒಂದು ಸೆಮಿಸ್ಟರ್ ಕಳೆಯುತ್ತೆ, ಕಳೆದಿದೆ.

ಬಿಟ್ಟದ್ದು ಏನು ಅಂತ ಹೇಳಿದರೆ ಓದೋರಿಗೆ ಉಪಯೋಗ ಆಗಬಹುದು. ದೀಪಾವಳಿ ಅಮಾವಾಸ್ಯೆ ನೋಮಿಗೆ ನಮ್ಮಲ್ಲಿ ಕಜ್ಜಾಯ ಆಗಲೇಬೇಕು. ಅಕ್ಕಿ ನೆನೆಹಾಕಿ, ಆರಿಸಿ, ಕುಟ್ಟಿ, ಪಾಕ ತೆಗೆದು, ಹಿಟ್ಟು ಹದಕ್ಕೆ ಬರೋವರೆಗೆ ಕಾಯಬೇಕು. ಈ ಸಲ ನನ್ನ ಕೈಲಿ ಆಗಲ್ಲ ಅಂತ ದಸರಾದಲ್ಲೇ ಹೇಳಿಬಿಟ್ಟೆ. ಹಬ್ಬದ ಹಿಂದಿನ ದಿನ ಹೇಳಿದ್ದರೆ ರಂಪ ಆಗ್ತಿತ್ತು. ಮೂರು ವಾರ ಮುಂಚೆ ಹೇಳಿದ್ದಕ್ಕೆ ಅತ್ತೆ, ಓರಗಿತ್ತಿ ಕೆಲಸ ಹಂಚಿಕೊಂಡರು. ಮದುವೆ, ನಾಮಕರಣಗಳಿಗೆ ಇವರೊಬ್ಬರೇ ಹೋಗಿ ಮುಯ್ಯಿ ಮುಟ್ಟಿಸಿ ಬಂದರು. ಓದನ್ನ ಕತ್ತರಿಸೋದಕ್ಕಿಂತ ಹಬ್ಬವನ್ನ ಸ್ವಲ್ಪ ಕತ್ತರಿಸೋದು ವಾಸಿ ಅನ್ನೋದು ನನ್ನ ಪಕ್ಕಾ ಅಭಿಪ್ರಾಯ. ಒಪ್ಪದೋರು ಇದ್ದಾರೆ, ನನ್ನ ತಾಯಿಯೇ ಒಪ್ಪಲ್ಲ.

ಡಿಸೆಂಬರ್ ಹೊತ್ತಿಗೆ ಪಕ್ಕದ ಮನೆ ಹುಡುಗಿಗೆ ಟ್ಯೂಷನ್ ಜಾಸ್ತಿ ಬೇಕಾಯಿತು, ನನಗೂ ಸೆಮಿಸ್ಟರ್ ಪರೀಕ್ಷೆ ಹತ್ತಿರ. ಅದಕ್ಕೆ ಒಪ್ಪಂದ ಬದಲಾಯಿಸಿದ್ವಿ: ಭಾನುವಾರ ಬೆಳಗ್ಗೆ ಅವಳಿಗೆ ಒಟ್ಟಿಗೆ ಪಾಠ, ನನ್ನ ಪರೀಕ್ಷೆ ದಿನಗಳಲ್ಲಿ ಶಿಫ್ಟು ಯಾವುದೇ ಇರಲಿ ಮಗಳು ಸಂಜೆವರೆಗೆ ಅವರ ಮನೆಯಲ್ಲೇ. ಗೋಡೆ ಮೇಲೆ ನಾಲ್ಕನೇ ಹಾಳೆ ಸೇರಿತು.