ಅಲಾಸ್ಕಾದ ಕಾಡುಲಾಡ್ಜ್‌ನಲ್ಲಿ ಕಾರಿಲ್ಲದೆ ಉಳಿಯುವುದು ಹೇಗೆ?

ಅಲಾಸ್ಕಾದ ಕ್ರೂಸ್ ಎಂದರೆ ಏಳು ರಾತ್ರಿ ಹಡಗಿನಲ್ಲೇ ಕಳೆದು, ಕೆಚಿಕನ್, ಜುನೋ, ಸ್ಕ್ಯಾಗ್ವೇ ಊರುಗಳನ್ನು ಕಂಡು ಹಿಂದಿರುಗುವುದು ಎಂಬುದು ಸಾಮಾನ್ಯ ಕಲ್ಪನೆ. ಆದರೆ ಅಲ್ಲಿನ ಎತ್ತರದ ಪರ್ವತಗಳು, ಕರಡಿ ಮತ್ತು ಕ್ಯಾರಿಬೂ ಎಂಬ ಜಿಂಕೆಗಳು ತಿರುಗಾಡುವ ಬಯಲುಗಳು ಇರುವುದು ಕಡಲಿನಿಂದ ನೂರಾರು ಕಿಲೋಮೀಟರ್ ಒಳಗೆ. ಅದಕ್ಕಾಗಿಯೇ ಹಡಗಿನ ಪ್ರಯಾಣಕ್ಕೆ ನಾಲ್ಕೈದು ದಿನಗಳ ನೆಲದ ಪ್ರಯಾಣವನ್ನು ಜೋಡಿಸಿದ ‘ಕ್ರೂಸ್‌ಟೂರ್’ಗಳಿವೆ. ಇವುಗಳಲ್ಲಿ ರೈಲು ಮತ್ತು ಬಸ್ಸುಗಳು ಪ್ರವಾಸಿಗರನ್ನು ಕಾಡಿನ ನಡುವಿನ ಲಾಡ್ಜ್‌ಗಳಿಗೆ ಕರೆದೊಯ್ದು ಬಿಡುತ್ತವೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಹೋಗುವ ನಮ್ಮ ಕಡೆಯ ಹಿರಿಯರಲ್ಲಿ ಈ ಪ್ರವಾಸವನ್ನು ಬಯಸುವವರು ಹಲವರಿದ್ದಾರೆ. ರಸ್ತೆಯ ಬಲಬದಿಯಲ್ಲಿ ಕಾರು ಓಡಿಸಿ ಅಭ್ಯಾಸವಿಲ್ಲದ ಅವರನ್ನು ಕಾಡುವ ಪ್ರಶ್ನೆಯೊಂದೇ: ಬಸ್ಸು ಬಿಟ್ಟು ಹೋದ ಮೇಲೆ, ಊರೂ ಅಂಗಡಿಯೂ ಇಲ್ಲದ ಆ ಜಾಗದಲ್ಲಿ ಕಾರಿಲ್ಲದೆ ಮಾಡುವುದೇನು? ಇದಕ್ಕೆ ಉತ್ತರವನ್ನು ಲಾಡ್ಜ್ ತಲುಪಿದ ಮೇಲೆ ಹುಡುಕಿದರೆ ತಡವಾಗುತ್ತದೆ. ಮನೆಯಲ್ಲೇ ಕುಳಿತು ದಿನಕ್ಕೊಂದು ಕಾರ್ಯಕ್ರಮವನ್ನು ಗೊತ್ತುಮಾಡಿಕೊಂಡವರಿಗೆ ಕಾರಿನ ಕೊರತೆ ಅಷ್ಟಾಗಿ ಕಾಣುವುದಿಲ್ಲ.

ಮೊದಲು ಹಡಗಿನ ದಾರಿ

ಅಮೆರಿಕದ 1886ರ ಕಾನೂನೊಂದರ ಪ್ರಕಾರ, ಬೇರೆ ದೇಶದಲ್ಲಿ ನೋಂದಾಯಿತವಾದ ಹಡಗುಗಳು ಅಮೆರಿಕದ ಒಂದು ಬಂದರಿನಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಂಡು ಅದೇ ದೇಶದ ಇನ್ನೊಂದು ಬಂದರಿನಲ್ಲಿ ಇಳಿಸಿಬಿಡುವಂತಿಲ್ಲ. ಆದ್ದರಿಂದಲೇ ಸಿಯಾಟಲ್‌ನಿಂದ ಹೊರಡುವ ಕ್ರೂಸ್‌ಗಳು ಸಾಮಾನ್ಯವಾಗಿ ಸಿಯಾಟಲ್‌ಗೇ ಮರಳುತ್ತವೆ. ನೆಲದ ಪ್ರಯಾಣವನ್ನು ಸೇರಿಸಿಕೊಳ್ಳಬೇಕಾದರೆ ಕೆನಡಾದ ವ್ಯಾಂಕೂವರ್ ಮತ್ತು ಅಲಾಸ್ಕಾದ ವಿಟಿಯರ್ ಅಥವಾ ಸೀವರ್ಡ್ ಬಂದರುಗಳ ನಡುವಿನ ಒಂದೇ ದಿಕ್ಕಿನ ಕ್ರೂಸ್ ಆರಿಸಿಕೊಳ್ಳಬೇಕು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇದಕ್ಕಾಗಿ ಅಮೆರಿಕದ ವೀಸಾದ ಜೊತೆಗೆ ಕೆನಡಾದ ವೀಸಾ ಸಹ ಬೇಕಾಗುವುದರಿಂದ, ಹಣ ಕಟ್ಟುವ ಮೊದಲೇ ಆ ಕೆಲಸವನ್ನು ಆರಂಭಿಸುವುದು ಕ್ಷೇಮ.

ನೆಲ ಮೊದಲೋ ಹಡಗು ಮೊದಲೋ ಎಂಬುದಕ್ಕೆ ನನ್ನ ಸಲಹೆ ನೆಲವೇ ಮೊದಲು ಎಂದು. ಬೆಳಗಿನ ಜಾವಕ್ಕೆ ಏಳುವುದು, ಬಸ್ಸು ಬದಲಿಸುವುದು, ದಿನಕ್ಕೊಂದು ಕೋಣೆಗೆ ಹೊಂದಿಕೊಳ್ಳುವುದು ಇವೆಲ್ಲ ಮೈಯಲ್ಲಿ ಕಸುವಿರುವಾಗಲೇ ಮುಗಿದರೆ, ಕೊನೆಯ ಏಳು ರಾತ್ರಿ ಒಂದೇ ಕ್ಯಾಬಿನ್‌ನಲ್ಲಿ ವಿಶ್ರಾಂತಿ ಪಡೆಯಬಹುದು.

ಯಾವ ಲಾಡ್ಜ್?

ಕಾರಿಲ್ಲದವರ ಮಟ್ಟಿಗೆ ಇಡೀ ಪ್ರವಾಸದ ಸುಖದುಃಖ ನಿಂತಿರುವುದು ಈ ಆಯ್ಕೆಯ ಮೇಲೆ. ಕರಪತ್ರಗಳಲ್ಲಿ ಎಲ್ಲ ಲಾಡ್ಜ್‌ಗಳೂ ಒಂದೇ ಬಗೆಯಾಗಿ ಕಾಣುತ್ತವೆಯಾದರೂ ಅವುಗಳ ಸುತ್ತಲಿನ ಸೌಕರ್ಯದಲ್ಲಿ ಅಜಗಜಾಂತರವಿದೆ.

ಡೆನಾಲಿ ರಾಷ್ಟ್ರೀಯ ಉದ್ಯಾನದ ದ್ವಾರದಿಂದ ಒಂದೆರಡು ಮೈಲಿಯೊಳಗಿರುವ ಲಾಡ್ಜ್‌ಗಳಲ್ಲಿ ಕಾರಿನ ಅಗತ್ಯವೇ ಬೀಳುವುದಿಲ್ಲ. ಉದ್ಯಾನದ ರೈಲು ನಿಲ್ದಾಣದಿಂದ ವಿಸಿಟರ್ ಸೆಂಟರ್‌ಗೆ ನಡೆದೇ ಹೋಗಬಹುದು. ಲಾಡ್ಜ್‌ಗಳ ಶಟಲ್ ಬಸ್ಸುಗಳು ಉದ್ಯಾನದವರೆಗೆ ಓಡಾಡುತ್ತವೆ. ಉದ್ಯಾನದೊಳಗಿನ 92 ಮೈಲಿ ಉದ್ದದ ರಸ್ತೆಯಲ್ಲಿ ಬೇಸಿಗೆಯಲ್ಲಿ ಖಾಸಗಿ ಕಾರುಗಳಿಗೆ ಅವಕಾಶವಿರುವುದು ಮೊದಲ 15 ಮೈಲಿಗಳಿಗೆ ಮಾತ್ರ. ಅದರಾಚೆಗೆ ಕಾರಿದ್ದವರೂ ಇಲ್ಲದವರೂ ಒಂದೇ ಬಸ್ಸು ಹತ್ತಬೇಕು.

ಎರಡನೆಯದು ಟ್ರ್ಯಾಪರ್ ಕ್ರೀಕ್ ಬಳಿಯ ಮೆಕಿನ್ಲಿ ಪ್ರಿನ್ಸೆಸ್ ಲಾಡ್ಜ್. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೆಸರಿನಲ್ಲಿ ಮೆಕಿನ್ಲಿ ಇದ್ದರೂ ಡೆನಾಲಿ ಉದ್ಯಾನದ ದ್ವಾರ ಇಲ್ಲಿಂದ ನೂರು ಮೈಲಿಗೂ ಹೆಚ್ಚು ದೂರದಲ್ಲಿದೆ. ಈ ಲಾಡ್ಜ್‌ಗೆ ಹೋಗುವುದು ಮೆಕಿನ್ಲಿ ಎಂದೂ ಡೆನಾಲಿ ಎಂದೂ ಕರೆಯುವ ಪರ್ವತವನ್ನು ದೂರದಿಂದ ಕಣ್ತುಂಬ ನೋಡಲೆಂದೇ ಹೊರತು ಉದ್ಯಾನದಲ್ಲಿ ತಿರುಗಾಡಲಿಕ್ಕಲ್ಲ. 20,310 ಅಡಿ ಎತ್ತರದ ಆ ಶಿಖರ ಬೇಸಿಗೆಯ ಬಹುಪಾಲು ದಿನಗಳಲ್ಲಿ ಮೋಡದ ಮರೆಯಲ್ಲಿರುತ್ತದೆ. ನೋಡಬಂದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ ಅದು ಕಾಣಸಿಗುತ್ತದೆ ಎಂಬುದು ಅಲ್ಲಿನವರ ಲೆಕ್ಕ. ಪರ್ವತಾರೋಹಿಗಳ ಊರಾದ ಟಲ್ಕೀಟ್ನಾಕ್ಕೆ ಇಲ್ಲಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಹಿಮನದಿಯ ಮೇಲೆ ಇಳಿಯುವ ಪುಟ್ಟ ವಿಮಾನಗಳು ಹೊರಡುವುದು ಆ ಊರಿನಿಂದಲೇ.

ಮೂರನೆಯದು ಕಾಪರ್ ಸೆಂಟರ್ ಎಂಬ ಊರಿನ ಲಾಡ್ಜ್. ಇಲ್ಲಿಗೆ ರೈಲಿಲ್ಲ. ನೋಡಬೇಕಾದ ಜಾಗಗಳು ಒಂದಕ್ಕೊಂದು ಬಹಳ ದೂರ. ಕಾರಿಲ್ಲದವರು ಹೆಚ್ಚು ಅಂಜುವುದೂ, ಹೆಚ್ಚು ಸಿದ್ಧತೆ ಬೇಡುವುದೂ ಈ ಲಾಡ್ಜ್, ಆದ್ದರಿಂದ ಅದರ ವಿವರಕ್ಕೆ ಮುಂದೆ ಬರುತ್ತೇನೆ.

ಎರಡು ರಾತ್ರಿಗೆ ಕಡಿಮೆ ಬೇಡ

ಬಸ್ಸುಗಳು ಲಾಡ್ಜ್ ತಲುಪುವಾಗ ಹಲವು ಬಾರಿ ಸಂಜೆಯಾಗಿರುತ್ತದೆ, ಮರುದಿನ ಹೊರಡುವುದು ಬೆಳಿಗ್ಗೆಯೇ. ಒಂದು ರಾತ್ರಿಯ ವಾಸ್ತವ್ಯವೆಂದರೆ ಊಟ ಮತ್ತು ನಿದ್ರೆಯಷ್ಟೇ. ಎರಡು ರಾತ್ರಿ ಉಳಿದರೆ ನಡುವೆ ಒಂದು ಪೂರ್ಣ ದಿನ ಕೈಗೆ ಸಿಗುತ್ತದೆ. ಪ್ಯಾಕೇಜ್‌ನಲ್ಲಿ ಮೂರು ಲಾಡ್ಜ್‌ಗಳಲ್ಲಿ ಒಂದೊಂದು ರಾತ್ರಿ ಎಂದಿದ್ದರೆ, ಎರಡೇ ಲಾಡ್ಜ್‌ಗಳಲ್ಲಿ ಎರಡೆರಡು ರಾತ್ರಿ ಇರುವ ಪ್ಯಾಕೇಜ್ ಹುಡುಕುವುದು ಮೇಲು.

ಡೆನಾಲಿಯ ಬಸ್ಸು

ಉದ್ಯಾನದೊಳಗೆ ಎರಡು ಬಗೆಯ ಬಸ್ಸುಗಳು ಹೋಗುತ್ತವೆ. ಟೂರ್ ಬಸ್ಸಿನಲ್ಲಿ ಚಾಲಕರೇ ಮಾರ್ಗದರ್ಶಕರು, ಲಘು ತಿಂಡಿಯೂ ಇರುತ್ತದೆ. ಟ್ರಾನ್ಸಿಟ್ ಬಸ್ಸು ಅಗ್ಗ. ಅದರಲ್ಲಿ ಆಹಾರ ಕೊಡುವುದಿಲ್ಲ, ಆದರೆ ಬೇಕಾದಲ್ಲಿ ಇಳಿದು ನಡೆದಾಡಿ, ಮುಂದೆ ಬರುವ ಇನ್ನೊಂದು ಬಸ್ಸಿನಲ್ಲಿ ಜಾಗವಿದ್ದರೆ ಹತ್ತಿಕೊಳ್ಳಬಹುದು. ಮಂಡಿನೋವಿರುವವರಿಗೆ ಟೂರ್ ಬಸ್ಸು, ನಡೆಯಬಲ್ಲವರಿಗೆ ಟ್ರಾನ್ಸಿಟ್ ಬಸ್ಸು ಸೂಕ್ತ. ದಾರಿಯಲ್ಲಿ ಯಾರಾದರೂ ಪ್ರಾಣಿಯನ್ನು ಕಂಡು ‘ಸ್ಟಾಪ್’ ಎಂದು ಕೂಗಿದರೆ ಚಾಲಕರು ಬಸ್ಸು ನಿಲ್ಲಿಸುತ್ತಾರೆ. ಎಲ್ಲರೂ ದನಿ ತಗ್ಗಿಸಿ ಒಂದೇ ಬದಿಯ ಕಿಟಕಿಗಳಿಗೆ ಬಾಗುತ್ತಾರೆ. ಎದುರಿನ ಗುಡ್ಡದ ಮೇಲೆ ಕಂದು ಚುಕ್ಕೆಯಂತಿದ್ದದ್ದು ದುರ್ಬೀನಿನಲ್ಲಿ ನೋಡಿದಾಗ ಮಣ್ಣು ಕೆದಕುತ್ತಿರುವ ಗ್ರಿಜ್ಲಿ ಕರಡಿಯಾಗಿರುತ್ತದೆ. ಹಾಗಾಗಿ ಇಬ್ಬರಿಗೆ ಒಂದಾದರೂ ದುರ್ಬೀನು ಬೇಕೇ ಬೇಕು.

2021ರ ಆಗಸ್ಟ್‌ನಲ್ಲಿ 45ನೇ ಮೈಲಿಯ ಬಳಿಯ ಪ್ರೆಟಿ ರಾಕ್ಸ್ ಎಂಬಲ್ಲಿ ನೆಲ ಜಾರುವುದು ತೀವ್ರಗೊಂಡು, ಅದರಾಚೆಗಿನ ರಸ್ತೆಯನ್ನು ಮುಚ್ಚಬೇಕಾಯಿತು. ಆ ಬಳಿಕ ಬಸ್ಸುಗಳು 43ನೇ ಮೈಲಿಯಿಂದಲೇ ಹಿಂದಿರುಗತೊಡಗಿದವು, ರಸ್ತೆಯ ಕೊನೆಯಲ್ಲಿರುವ ಕಾಂಟಿಶ್ನಾದ ಲಾಡ್ಜ್‌ಗಳಿಗೆ ಪುಟ್ಟ ವಿಮಾನವೇ ದಾರಿಯಾಯಿತು. ಆ ಜಾಗದಲ್ಲಿ ಸೇತುವೆಯ ಕಾಮಗಾರಿಯನ್ನು ಕೈಗೊಳ್ಳಲಾಗಿದೆ. ನೀವು ಹೋಗುವ ವರ್ಷ ಬಸ್ಸು ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ಉದ್ಯಾನದ ಜಾಲತಾಣದಲ್ಲಿ ನೋಡಿಕೊಳ್ಳಿ.

ಬಸ್ಸಿನ ಪ್ರಯಾಣ ಅರ್ಧ ದಿನದಲ್ಲಿ ಮುಗಿದರೆ, ಉಳಿದ ಹೊತ್ತಿಗೆ ಉದ್ಯಾನದ ನಾಯಿಮನೆ ಇದೆ. ಚಳಿಗಾಲದಲ್ಲಿ ಅರಣ್ಯ ಸಿಬ್ಬಂದಿಯ ಜಾರುಬಂಡಿಗಳನ್ನು ಎಳೆಯುವ ನಾಯಿಗಳು ಬೇಸಿಗೆಯಲ್ಲಿ ಅಲ್ಲಿ ತಮ್ಮ ಓಟ ತೋರಿಸುತ್ತವೆ. ಪ್ರದರ್ಶನವೂ ಉಚಿತ, ಅಲ್ಲಿಗೆ ಹೋಗುವ ಬಸ್ಸೂ ಉಚಿತ.

ಕಾಪರ್ ಸೆಂಟರ್‌ನಲ್ಲಿ ಒಂದು ದಿನ

ಕಾಪರ್ ಸೆಂಟರ್ ಇರುವುದು ರ್‍ಯಾಂಗಲ್–ಸೇಂಟ್ ಇಲಯಾಸ್ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ. 132 ಲಕ್ಷ ಎಕರೆಯ ಇದು ಅಮೆರಿಕದ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ. ಇಷ್ಟು ದೊಡ್ಡ ಕಾಡಿನೊಳಕ್ಕೆ ಹೋಗುವ ರಸ್ತೆಗಳು ಎರಡೇ, ಎರಡೂ ಬಹುಮಟ್ಟಿಗೆ ಜಲ್ಲಿಯವು.

ಇಲ್ಲಿನ ಮುಖ್ಯ ಆಕರ್ಷಣೆ ಕೆನಿಕಾಟ್‌ನ ತಾಮ್ರದ ಗಣಿ. 1911ರಿಂದ 1938ರವರೆಗೆ ನಡೆದು, ಅದಿರು ತೀರಿದಾಗ ಬಿಟ್ಟುಹೋದ ಆ ಊರಿನ ಹದಿನಾಲ್ಕು ಅಂತಸ್ತಿನ ಕೆಂಪು ಗಿರಣಿ ಹಿಮನದಿಯ ಮಗ್ಗುಲಿನಲ್ಲಿ ಇಂದಿಗೂ ನಿಂತಿದೆ. ಅಲ್ಲಿಗೆ ಹೋಗಬೇಕಾದರೆ ಚಿಟೀನಾವರೆಗೆ ಡಾಂಬರು ರಸ್ತೆ, ಆಮೇಲೆ 60 ಮೈಲಿ ಹಳೆಯ ರೈಲುಹಾದಿಯ ಜಲ್ಲಿ ರಸ್ತೆ, ಕೊನೆಗೆ ಕಾಲುಸೇತುವೆಯಲ್ಲಿ ನದಿ ದಾಟಿ ಮತ್ತೊಂದು ವ್ಯಾನು. ಬಾಡಿಗೆ ಕಾರಿನ ಕಂಪನಿಗಳಲ್ಲಿ ಹೆಚ್ಚಿನವು ಈ ರಸ್ತೆಗೆ ತಮ್ಮ ಕಾರು ಒಯ್ಯಲು ಅನುಮತಿ ಕೊಡುವುದಿಲ್ಲ. ಹಾಗಾಗಿ ಕಾರಿಲ್ಲವೆಂದು ಇಲ್ಲಿ ಕೊರಗಬೇಕಾಗಿಲ್ಲ. ವ್ಯಾನಿನಲ್ಲಿ ಹೋಗಿಬರಲು ಒಂದು ಪೂರ್ಣ ದಿನ ಹಿಡಿಯುತ್ತದೆ, ಪುಟ್ಟ ವಿಮಾನದಲ್ಲಿ ಹೋದರೆ ಹೊತ್ತು ಉಳಿಯುತ್ತದೆ, ಖರ್ಚು ಏರುತ್ತದೆ. ಎರಡಕ್ಕೂ ಸೀಟುಗಳು ಕಡಿಮೆ. ಆದ್ದರಿಂದ ಕ್ರೂಸ್ ಟಿಕೆಟ್ ಖಚಿತವಾದ ಕೂಡಲೇ ಕಾದಿರಿಸಬೇಕು. ಕಾದಿರಿಸುವಾಗ ಕೇಳಬೇಕಾದದ್ದು ಒಂದಿದೆ: ವ್ಯಾನು ಲಾಡ್ಜ್‌ನ ಬಾಗಿಲಿಗೇ ಬರುತ್ತದೆಯೋ, ಅಥವಾ ಬೇರೆ ಊರಿನಿಂದ ಹೊರಡುತ್ತದೆಯೋ? ಬೇರೆ ಊರಿನಿಂದ ಎಂದರೆ, ಅಲ್ಲಿಗೆ ಮುಟ್ಟಿಸುವವರು ಯಾರೆಂದು ಅದೇ ಫೋನಿನಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕು.

ಇಷ್ಟು ದೂರ ಬೇಡ ಎನ್ನುವವರಿಗೂ ಇಲ್ಲಿ ದಿನ ಕಳೆಯುವುದು ಕಷ್ಟವಲ್ಲ. ಉದ್ಯಾನದ ವಿಸಿಟರ್ ಸೆಂಟರ್ ಲಾಡ್ಜ್‌ನಿಂದ ಕೆಲವೇ ಮೈಲಿ ದೂರದಲ್ಲಿದೆ. ಅಲ್ಲಿಗೆ ವಾಹನ ಯಾವ ಹೊತ್ತಿಗಿದೆ ಎಂದು ಕೋಣೆಯ ಕೀಲಿ ಪಡೆಯುವಾಗಲೇ ವಿಚಾರಿಸಿ. ಕಾಪರ್ ನದಿಯ ಮೀನುಗಾರಿಕೆ, ಈ ನೆಲದ ಮೂಲನಿವಾಸಿಗಳಾದ ಆಟ್ನಾ ಜನರ ಬದುಕು, 1977ರಿಂದ ಪ್ರುಡೋ ಬೇಯಿಂದ ವಾಲ್ಡೀಝ್‌ವರೆಗೆ 800 ಮೈಲಿ ತೈಲ ಸಾಗಿಸುತ್ತಿರುವ ಕೊಳವೆಮಾರ್ಗ ಇವುಗಳ ಬಗ್ಗೆ ತಿಳಿಯಲು ಇಲ್ಲಿ ಬಹಳವಿದೆ. ಇನ್ನು ಲಾಡ್ಜ್‌ನ ಎದುರಿಗೇ ಕಾಣುವ ಪರ್ವತಗಳ ಸಾಲು. ಅದರಲ್ಲಿ 12,010 ಅಡಿಯ ಡ್ರಮ್ ಶಿಖರ ಹತ್ತಿರದಲ್ಲಿರುವುದರಿಂದ ಎಲ್ಲಕ್ಕಿಂತ ದೊಡ್ಡದಾಗಿ ತೋರುತ್ತದೆ. ಅದರಾಚೆಗೆ 14,163 ಅಡಿಯ ರ್‍ಯಾಂಗಲ್ ದುಂಡಗೆ, ಬೆಳ್ಳಗೆ ಮಲಗಿದೆ. ಅದು ಜೀವಂತ ಜ್ವಾಲಾಮುಖಿ. ಆಕಾಶ ತಿಳಿಯಾಗಿದ್ದ ದಿನ ಅದರ ನೆತ್ತಿಯಿಂದ ಆವಿಯ ಎಳೆ ಏಳುವುದನ್ನು ಬರಿಗಣ್ಣಿನಿಂದಲೇ ನೋಡಬಹುದು. ಜೂನ್ ತಿಂಗಳಲ್ಲಿ ರಾತ್ರಿ ಹತ್ತಾದರೂ ಆ ಹಿಮದ ಮೇಲೆ ಬಿಸಿಲಿರುತ್ತದೆ, ಆದ್ದರಿಂದ ಹಗಲಿನಲ್ಲಿ ಮೋಡವಿತ್ತೆಂದು ಬೇಗನೆ ಮಲಗಬೇಡಿ.

ಗಂಟುಮೂಟೆ, ಊಟ, ಔಷಧ

ಕ್ರೂಸ್‌ಟೂರ್‌ಗಳಲ್ಲಿ ದೊಡ್ಡ ಪೆಟ್ಟಿಗೆಗಳು ಸಾಮಾನ್ಯವಾಗಿ ಬೇರೆ ಲಾರಿಯಲ್ಲಿ ಬಂದು ನಿಮಗಿಂತ ತಡವಾಗಿ ಕೋಣೆ ಸೇರುತ್ತವೆ. ಔಷಧಿ, ಬೆಚ್ಚನೆಯ ಮೇಲಂಗಿ, ಒಂದು ಜೊತೆ ಬಟ್ಟೆ, ಪಾಸ್‌ಪೋರ್ಟ್ ಇವು ಸದಾ ಕೈಚೀಲದಲ್ಲಿರಲಿ. ದೊಡ್ಡ ಆಸ್ಪತ್ರೆಗಳಿಗೆ ಗಂಟೆಗಟ್ಟಲೆ ದಾರಿಯಿದೆ. ರಕ್ತದೊತ್ತಡ, ಮಧುಮೇಹದ ಮಾತ್ರೆಗಳನ್ನು ಪ್ರವಾಸದ ಅವಧಿಗಿಂತ ಒಂದು ವಾರ ಹೆಚ್ಚಿಗೆ ಒಯ್ಯಿರಿ, ಪ್ರಯಾಣ ವಿಮೆಯನ್ನೂ ಮಾಡಿಸಿ.

ಸಸ್ಯಾಹಾರಿಗಳು ಅಲಾಸ್ಕಾದ ದೊಡ್ಡ ನಗರವಾದ ಆಂಕರೇಜ್ ಬಿಡುವ ಮುನ್ನವೇ ಅಲ್ಲಿನ ಅಂಗಡಿಗಳಲ್ಲಿ ಬ್ರೆಡ್ಡು, ಹಣ್ಣು, ಮೊಸರು ಕೊಂಡಿಟ್ಟುಕೊಳ್ಳುವುದು ಉತ್ತಮ. ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟು, ಅವಲಕ್ಕಿಯ ಪೊಟ್ಟಣಗಳು, ಚಟ್ನಿಪುಡಿ ಮನೆಯಿಂದ ಬಂದರೆ ಇನ್ನೂ ಒಳ್ಳೆಯದು. ಆದರೆ ವಿದ್ಯುತ್ ಕೆಟಲ್, ರೈಸ್ ಕುಕ್ಕರ್‌ಗಳನ್ನು ಹಡಗಿಗೆ ಬಿಡುವುದಿಲ್ಲ.

ಲಾಡ್ಜ್ ಸುತ್ತಲಿನ ಕಾಲುದಾರಿಗಳಲ್ಲಿ ಒಬ್ಬರೇ ಹೋಗಬೇಡಿ. ಮಾತನಾಡುತ್ತಾ ನಡೆದರೆ ಕರಡಿಗಳು ತಾವಾಗಿಯೇ ಸರಿದುಹೋಗುತ್ತವೆ. ಎದುರಾದರೆ ಓಡದೆ ನಿಧಾನವಾಗಿ ಹಿಂದೆ ಸರಿಯಬೇಕು. ಮೂಸ್ ಎಂಬ ಭಾರಿ ಗಾತ್ರದ ಜಿಂಕೆ ಅಟ್ಟಿಸಿಕೊಂಡು ಬಂದರೆ ಮಾತ್ರ ಓಡಿ ಮರದ ಮರೆ ಸೇರಬೇಕು. ಜೂನ್, ಜುಲೈಗಳಲ್ಲಿ ಸೊಳ್ಳೆಗಳ ಕಾಟ ವಿಪರೀತ, ಹಚ್ಚಿಕೊಳ್ಳುವ ಮುಲಾಮು ಜೊತೆಗಿರಲಿ.

ಹೊರಡುವ ದಿನ

ಹಿಂದಿನ ರಾತ್ರಿಯೇ ರಿಸೆಪ್ಷನ್‌ಗೆ ಹೋಗಿ ಬಸ್ಸಿನ ಹೊತ್ತನ್ನೂ, ಪೆಟ್ಟಿಗೆಗಳನ್ನು ಬಾಗಿಲ ಹೊರಗೆ ಇಡಬೇಕಾದ ಹೊತ್ತನ್ನೂ ಬರೆದುಕೊಳ್ಳಿ. ಪ್ಯಾಕೇಜ್‌ನಲ್ಲಿ ಬಂದವರನ್ನು ಹಡಗಿಗೆ ಮುಟ್ಟಿಸುವ ಹೊಣೆ ಕಂಪನಿಯದು. ರೈಲು, ಬಸ್ಸುಗಳನ್ನು ತಾವೇ ಹೊಂದಿಸಿಕೊಂಡವರಿಗಾಗಿ ಹಡಗು ಕಾಯುವುದಿಲ್ಲ. ಆಂಕರೇಜ್‌ನಿಂದ ವಿಟಿಯರ್‌ಗೆ ಹೋಗುವ ದಾರಿಯಲ್ಲಿ ರೈಲಿಗೂ ವಾಹನಗಳಿಗೂ ಒಂದೇ ಸುರಂಗವಿದ್ದು, ಎರಡೂವರೆ ಮೈಲಿಯ ಆ ಒಂಟಿ ಸಾಲಿನಲ್ಲಿ ಸರದಿಗಾಗಿ ಕಾಯಬೇಕಾಗುತ್ತದೆ. ಅಂಥವರು ಹಡಗು ಹೊರಡುವ ಹಿಂದಿನ ದಿನವೇ ಆಂಕರೇಜ್ ಸೇರಿ, ರಾತ್ರಿ ಅಲ್ಲಿ ತಂಗಿ, ಬೆಳಿಗ್ಗೆ ಬಂದರಿಗೆ ಹೊರಡಬೇಕು.