ತಗ್ಗಿನ ಮನೆಗೆ ಒಳಚರಂಡಿ ನೀರು ಹಿಮ್ಮರಳದಂತೆ ಮಾಡಿದ್ದು

ಬೆಂಗಳೂರಿನಲ್ಲಿ ಪ್ಲಂಬಿಂಗ್ ಕೆಲಸ ಮಾಡುವವರಿಗೆ ಮಳೆ ಶುರುವಾದರೆ ಒಂದೇ ಬಗೆಯ ಫೋನು: ‘ಬಚ್ಚಲಿನಿಂದ ಕೊಳಚೆ ಉಕ್ಕುತ್ತಿದೆ, ಬೇಗ ಬನ್ನಿ.’ ಅಂಥ ಮನೆಗೆ ಹೋದಾಗ ನಾನು ಮೊದಲು ಹೊರತೆಗೆಯುವುದು ಬಿದಿರಿನ ದಬ್ಬೆಯನ್ನೂ ಅಲ್ಲ, ಆಸಿಡ್ ಬಾಟಲಿಯನ್ನೂ ಅಲ್ಲ, ಲೆವೆಲ್ ಟ್ಯೂಬನ್ನು.

ಗಾರೆ ಕೆಲಸದವರು ಬಳಸುವ ಅದೇ ಪಾರದರ್ಶಕ ಪೈಪು. ಅದಕ್ಕೆ ನೀರು ತುಂಬಿಸಿ, ಒಂದು ತುದಿಯನ್ನು ರಸ್ತೆಯ ಮ್ಯಾನ್‌ಹೋಲ್ ಮುಚ್ಚಳದ ಬಳಿಯೂ ಇನ್ನೊಂದನ್ನು ಬಚ್ಚಲಿನಲ್ಲೂ ಹಿಡಿದರೆ ಯಾವುದು ಎಷ್ಟು ತಗ್ಗಿನಲ್ಲಿದೆ ಎಂಬುದು ಗೊತ್ತಾಗುತ್ತದೆ. ರಾಜಕಾಲುವೆಗೆ ಹತ್ತಿರದ ಒಂದು ಮನೆಯಲ್ಲಿ ಬಚ್ಚಲಿನ ನೆಲ ಮುಚ್ಚಳಕ್ಕಿಂತ ಒಂದು ಗೇಣು ಕೆಳಗಿತ್ತು. ಕಟ್ಟಿದಾಗ ಹಾಗಿರಲಿಲ್ಲ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರಿತ್ತು, ಜೊತೆಗೆ ಮ್ಯಾನ್‌ಹೋಲ್ ಕೂಡ. ರಸ್ತೆಯ ಕೊಳವೆ ತುಂಬಿದಾಗ ನೀರು ಹೊರಬರುವುದು ಅತ್ಯಂತ ತಗ್ಗಿನ ಬಾಯಿಯಿಂದ. ಹಾಗಾಗಿ ರಸ್ತೆಯ ಮೇಲೆ ಕಾಣಿಸುವ ಮೊದಲೇ ಈ ಮನೆಯೊಳಗೆ ಉಕ್ಕುತ್ತಿತ್ತು. ಮನೆಯ ಕೊಳವೆ ಕಟ್ಟಿಕೊಂಡೇ ಇರಲಿಲ್ಲ. ದಬ್ಬೆ ಆಡಿಸಿ ಕೂಲಿ ಪಡೆದವರು ಇದನ್ನು ಹೇಳಿರಲಿಲ್ಲ, ಅಷ್ಟೆ.

ಅಂಗಳಕ್ಕೆ ಟೈಲ್ಸ್ ಹಾಕಿಸುವಾಗ ಗಲ್ಲಿ ಟ್ರ್ಯಾಪ್‌ನ (ಬಚ್ಚಲಿನ ನೀರು ಒಳಚರಂಡಿಗೆ ಸೇರುವ ಮೊದಲು ಹಾದುಹೋಗುವ, ಅಂಗಳದ ಪುಟ್ಟ ಗುಂಡಿ) ಬಾಯಿಗೂ ಸಿಮೆಂಟ್ ಬಳಿಸಿದ್ದರು. ನೋಡಲು ಚೆಂದವೇ. ಆದರೆ ಆ ಬಾಯಿ ಬಚ್ಚಲಿನ ನೆಲಕ್ಕಿಂತ ತಗ್ಗಿನಲ್ಲಿ ತೆರೆದಿದ್ದರೆ ಕೊಳಚೆ ಅಂಗಳದಲ್ಲೇ ಉಕ್ಕಿ ಮನೆ ಉಳಿಯುತ್ತದೆ. ಒಡೆಸಿ ಜಾಲರಿ ಹಾಕಿದೆ. ಅಂಗಳದ ಮಳೆನೀರು ಒಳಗೆ ಹರಿಯದಂತೆ ಸುತ್ತ ಎರಡು ಬೆರಳು ಎತ್ತರದ ಕಟ್ಟೆ ಕಟ್ಟಿದೆ. ತಾರಸಿಯ ಮಳೆನೀರಿನ ಪೈಪನ್ನೂ ಚೇಂಬರಿಗೇ, ಅಂದರೆ ಮನೆಯ ಕೊಳಚೆ ಪೈಪುಗಳು ಕೂಡುವ ಗುಂಡಿಗೇ, ಬಿಟ್ಟಿದ್ದರು. ಇದಕ್ಕೆ ಅನುಮತಿ ಇಲ್ಲ, ಆದರೂ ಬೀದಿಗೆ ಹತ್ತು ಮನೆಗಳಲ್ಲಿ ಸಿಗುತ್ತದೆ. ಸಾವಿರ ಚದರ ಅಡಿಯ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು. ಮನೆ ಬಳಕೆಯ ನೀರಿಗೆಂದು ಹಾಕಿದ ರಸ್ತೆಯ ಕೊಳವೆ ಅದನ್ನೆಲ್ಲ ಹೇಗೆ ಸಾಗಿಸೀತು? ಆ ಪೈಪನ್ನು ಇಂಗುಗುಂಡಿಗೆ ತಿರುಗಿಸಿದೆ.

ಇಷ್ಟಾದರೂ ರಸ್ತೆಯಿಂದ ಬರುವ ನೀರನ್ನು ತಡೆಯಲು ನಾನ್ ರಿಟರ್ನ್ ವಾಲ್ವ್ ಬೇಕೇ ಬೇಕಿತ್ತು. ಒಳಗೆ ನಾಲಿಗೆಯಂಥ ಒಂದು ಮುಚ್ಚಳ. ಹೊರಗೆ ಹೋಗುವ ನೀರಿಗೆ ಏಳುತ್ತದೆ, ಹಿಂದಿರುಗುವ ನೀರಿಗೆ ಮುಚ್ಚಿಕೊಳ್ಳುತ್ತದೆ.

‘ರಸ್ತೆಗೆ ಹೋಗುವ ಪೈಪಿಗೇ ಒಂದು ಕೂರಿಸಿಬಿಡಿ, ಮುಗಿಯಿತಲ್ಲ’ ಎಂದರು ಯಜಮಾನರು.

‘ವಾಲ್ವ್ ಮುಚ್ಚಿಕೊಂಡಾಗ ಮೇಲಿನ ಮನೆಯವರು ಸ್ನಾನ ಮಾಡಿದರೆ ಆ ನೀರು ಎಲ್ಲಿಗೆ ಹೋಗಬೇಕು, ಸಾರ್?’

ಕೆಳಗಿನ ಬಚ್ಚಲಿಗೇ ಬರಬೇಕು. ರಸ್ತೆಯ ಕೊಳಚೆಯ ಬದಲು ಬಾಡಿಗೆದಾರರ ಕೊಳಚೆ! ಹೆಚ್ಚಿನವರು ಎಡವುವುದು ಇಲ್ಲೇ. ಆದ್ದರಿಂದ ಮೇಲಂತಸ್ತುಗಳ ಪೈಪನ್ನು ಬೇರ್ಪಡಿಸಿ, ವಾಲ್ವ್ ದಾಟಿದ ನಂತರ ರಸ್ತೆಯ ಕಡೆಗಿರುವ ಕೊನೆಯ ಚೇಂಬರಿಗೆ ಸೇರಿಸಿದೆ. ಆ ಚೇಂಬರಿಗೆ ರಬ್ಬರ್ ಗ್ಯಾಸ್ಕೆಟ್ ಇರುವ, ಬೋಲ್ಟ್ ಬಿಗಿಯುವ ಮುಚ್ಚಳ ಹಾಕಿದೆ. ಇಲ್ಲದಿದ್ದರೆ ರಸ್ತೆಯ ನೀರು ಅಲ್ಲಿಂದಲೇ ಅಂಗಳಕ್ಕೆ ಉಕ್ಕುತ್ತದೆ. ಕೆಳಮನೆಯ 110 ಮಿಲಿಮೀಟರ್ ಪೈಪು ಮಾತ್ರ ವಾಲ್ವ್ ಮೂಲಕ ಹೋಗುತ್ತದೆ. ಆರು ಮೀಟರಿಗೆ ಹತ್ತು ಸೆಂಟಿಮೀಟರ್ ಇಳಿಜಾರು ಕೊಟ್ಟೆ. ವಾಲ್ವ್ ಮೇಲಿನ ಬಾಣದ ಗುರುತು ರಸ್ತೆಯ ಕಡೆಗಿರಬೇಕು, ಮುಚ್ಚಳ ತೆರೆಯಲು ಕೈ ಹೋಗುವಷ್ಟು ಜಾಗವಿರಬೇಕು. ಮಣ್ಣಿನಲ್ಲಿ ಹೂತುಹಾಕಿದ ವಾಲ್ವ್ ಇದ್ದೂ ಇಲ್ಲದಂತೆ.

ಅಂದೇ ಪರೀಕ್ಷಿಸಿದೆವು. ಕೊನೆಯ ಚೇಂಬರಿನ ಹೊರದಾರಿಯನ್ನು ಪ್ಲಗ್‌ನಿಂದ ಮುಚ್ಚಿ, ಕೊಳಾಯಿ ನೀರು ಬಿಟ್ಟು ಚೇಂಬರ್ ತುಂಬಿಸಿದೆವು. ಬಚ್ಚಲು ಒಣಗಿಯೇ ಇತ್ತು. ಕೆಳಮನೆಯವರಿಗೆ ಒಂದು ಮಾತು ಹೇಳಿದೆ: ಜೋರು ಮಳೆಯ ಹೊತ್ತಿನಲ್ಲಿ ವಾಷಿಂಗ್ ಮೆಷಿನ್ ಹಾಕಬೇಡಿ, ಆಗ ನಿಮ್ಮ ನೀರಿಗೂ ದಾರಿಯಿರುವುದಿಲ್ಲ. ತಿಂಗಳಿಗೊಮ್ಮೆ ಕೈಗವಸು ತೊಟ್ಟು ನಾಲಿಗೆಯನ್ನು ಒರೆಸಬೇಕು. ಅಂಚಿನಲ್ಲಿ ಒಂದು ಉಂಡೆ ಕೂದಲೋ ಪಾತ್ರೆ ತಿಕ್ಕುವ ತೆಂಗಿನ ನಾರೋ ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.

ರಸ್ತೆಯ ಕೊಳವೆ ನನ್ನ ಕೈಯಲ್ಲಿಲ್ಲ. ಪಕ್ಕದ ಮನೆಯವರೊಬ್ಬರು ಮ್ಯಾನ್‌ಹೋಲ್‌ಗೆ ಇಳಿದು ಶುಚಿಮಾಡುವ ಆಳೊಬ್ಬನನ್ನು ಕರೆತರುತ್ತೇನೆ ಎಂದರು. ಬೇಡವೆಂದೆ. ಕೈಯಿಂದ ಮಲ ಬಳಿಯುವುದನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಸುರಕ್ಷಾ ಸಲಕರಣೆಯಿಲ್ಲದೆ ಆಳನ್ನು ಹಾಗೆ ಇಳಿಸುವುದು ಅಪರಾಧ; ಒಳಗಿರುವ ಹೈಡ್ರೋಜನ್ ಸಲ್ಫೈಡ್ ಮೊದಲು ಮೂಗಿನ ಶಕ್ತಿಯನ್ನೇ ಕಸಿದುಕೊಳ್ಳುತ್ತದೆ, ವಾಸನೆ ಹೋಯಿತೆಂದುಕೊಳ್ಳುವಷ್ಟರಲ್ಲಿ ಆಳು ಬಿದ್ದಿರುತ್ತಾನೆ. ಬೀದಿಯವರೆಲ್ಲ ಸೇರಿ ಜಲಮಂಡಳಿಯ 1916ಕ್ಕೆ ಕರೆ ಮಾಡಿದರು, ಒತ್ತಡದ ನೀರು ಚಿಮ್ಮಿಸಿ ಕೊಳವೆ ತೊಳೆಯುವ ಜೆಟ್ಟಿಂಗ್ ಯಂತ್ರ ಬಂತು. ತಗ್ಗಿನ ಮ್ಯಾನ್‌ಹೋಲ್‌ನಿಂದ ಮೆದುಗೊಳವೆಯನ್ನು ಮೇಲ್ಮುಖವಾಗಿ ಬಿಟ್ಟರು. ನಳಿಕೆಯ ಹಿಂಬದಿಯಿಂದ ಚಿಮ್ಮುವ ನೀರು ಹೂಳನ್ನು ಕೆಳಕ್ಕೆ ಎಳೆದು ತರುತ್ತದೆ. ಬಂದದ್ದು ಬರೀ ಮಲವಲ್ಲ: ಮರಳು, ಜಲ್ಲಿ, ಹೆಪ್ಪುಗಟ್ಟಿದ ಸಿಮೆಂಟಿನ ಹೆಂಟೆಗಳು. ಬೀದಿಯ ಮೇಲ್ತುದಿಯಲ್ಲಿ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿ ಕಾಂಕ್ರೀಟ್ ಮಿಕ್ಸರ್ ತೊಳೆದ ನೀರು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಬೇಕಾಗಲಿಲ್ಲ.